ಪಂಕ ಎಂದರೆ ಕೆಸರು

ಮೇಷ್ಟ್ರ ಎಡಗೈಯ ಮೇಲೆ, ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ, ಅಂಗೈ ಅಗಲದಷ್ಟು ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಬ್ರಷ್ಷನ್ನು ಅಲ್ಲೇ ಒರೆಸಿಕೊಳ್ಳುತ್ತಿದ್ದರು. ಸೀಮೆಎಣ್ಣೆ ಹಚ್ಚಿ ತೊಳೆದು ತೊಳೆದು ಅಲ್ಲಿಯ ಚರ್ಮ ಹಲ್ಲಿಯ ಹೊಟ್ಟೆಯ ಹಾಗೆ ಬೆಳ್ಳಗಾಗಿತ್ತು. ಯಾವತ್ತು ಯಾವ ಬೋರ್ಡು ಬರೆದರು ಎನ್ನುವುದನ್ನು ಆ ಕೈ ನೋಡಿ ಹೇಳಬಹುದಿತ್ತು. ಕೆಂಪು ಹಳದಿ ಇದ್ದರೆ ಹೋಟೆಲು. ನೀಲಿ ಬಿಳಿ ಇದ್ದರೆ ಸ್ಕೂಲು. ಬರೀ ಕಪ್ಪಿದ್ದರೆ ಯಾರೋ ಸತ್ತಿದ್ದಾರೆ, ಶ್ರದ್ಧಾಂಜಲಿ ಬಟ್ಟೆ ಬರೆದಿದ್ದಾರೆ ಎಂದು ಅರ್ಥ.

ಹೊಳೆನರಸೀಪುರದಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ರಿಟೈರಾದ ಮೇಲೆ ದೇವಸ್ಥಾನದ ಬೀದಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬೋರ್ಡು ಬರೆಯುವ ಅಂಗಡಿ ಮಾಡಿಕೊಂಡಿದ್ದರು. ಆ ಅಂಗಡಿಗೆ ಮಾತ್ರ ಬೋರ್ಡು ಇರಲಿಲ್ಲ. ಹೆಂಡತಿ ಇರಲಿಲ್ಲ. ಒಬ್ಬಳೇ ಮಗಳು ಅರಕಲಗೂಡಿನಲ್ಲಿ ಟೀಚರು. ನಾನು ಅಲ್ಲಿ ಕಸ ಗುಡಿಸುವುದಕ್ಕೆ, ಬ್ರಷ್ಷು ತೊಳೆಯುವುದಕ್ಕೆ ಸೇರಿದೆ. ಅಡುಗೆಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಅವರೂ ಹೇಳಲಿಲ್ಲ, ನಾನೂ ದಾಟಲಿಲ್ಲ. ಅಂಗಡಿಯಲ್ಲಿ ಮಾತ್ರ ಇಬ್ಬರೂ ಒಂದೇ ಹಲಗೆಯ ಮೇಲೆ ಬಗ್ಗಿ ಕೆಲಸ ಮಾಡಿದ್ದೇವೆ, ಹನ್ನೆರಡು ಹದಿಮೂರು ವರ್ಷ.

ನನಗೆ ಓದು ಬರುತ್ತಿರಲಿಲ್ಲ. ನಮ್ಮದು ಹಳ್ಳಿಮೈಸೂರು ಕಡೆ, ಗದ್ದೆ ಕೆಲಸ. ಹೆಬ್ಬೆಟ್ಟು ಒತ್ತಿಯೇ ಅರ್ಧ ಆಯಸ್ಸು ಕಳೆದಿದ್ದೆ. ಒಂದು ದಿನ ಮೇಷ್ಟ್ರು ಹಿರೀಸಾವೆಯ ಹೋಟೆಲಿನವರದು ಒಂದು ದೊಡ್ಡ ಬೋರ್ಡು ಹಿಡಿದಿದ್ದರು. ಕೆಲಸ ಅವಸರದ್ದು. ಅಕ್ಷರಕ್ಕೆ ಹೊರಗೆರೆ ಎಳೆದು ನನ್ನ ಕೈಗೆ ಚಪ್ಪಟೆ ಬ್ರಷ್ಷು ಕೊಟ್ಟು, "ಗೆರೆ ನಂದು, ಹೊಟ್ಟೆ ನಿಂದು. ತುಂಬಮ್ಮ" ಎಂದರು. ಗೆರೆ ಮೀರಬಾರದು, ಅಂಚಿನಲ್ಲಿ ಬಿಡಲೂಬಾರದು. ನಾನು ತುಂಬಿದೆ. 'ಊಟ ಸಿದ್ಧವಿದೆ, ಕುಟುಂಬದವರಿಗೆ ಪ್ರತ್ಯೇಕ ಕೊಠಡಿ' ಎಂದು ಇತ್ತಂತೆ. ಸೊನ್ನೆ ಬಂದಾಗ ಅದರ ಬಳೆಯನ್ನೂ ತುಂಬಿದೆ, ನಡುವಿನ ಖಾಲಿಯನ್ನೂ ತುಂಬಿದೆ. ಮೇಷ್ಟ್ರು ನೋಡಿ ಬೈಯಲಿಲ್ಲ. ಸುಮಾರು ಹೊತ್ತು ನಕ್ಕರು. "ಸೊನ್ನೆ ಹೊಟ್ಟೆ ಖಾಲಿ ಇರಬೇಕಮ್ಮ. ತುಂಬಿದ್ರೆ ಅದು ಸೊನ್ನೆ ಅಲ್ಲ, ಹೆಂಡೆ" ಎಂದರು. ಹೆಂಡೆ ಅಂದರೆ ಸಗಣಿ ಮುದ್ದೆ.

ಹಾಗೆ ತುಂಬಿ ತುಂಬಿ ಅಕ್ಷರ ಬಂದವು. ಅ ಆ ಎಂದು ಕಲಿಯಲಿಲ್ಲ. ಮೊದಲು ಬಂದದ್ದು 'ಹೋಟೆಲ್'. ಆಮೇಲೆ 'ಪ್ರೊಪ್ರೈಟರ್'. ನನ್ನ ಹೆಸರು ಬರೆಯುವುದಕ್ಕೆ ಮುಂಚೆ 'ಇಲ್ಲಿ ಮೂತ್ರ ಮಾಡಬಾರದು' ಬರೆದಿದ್ದೇನೆ. 'ಋ' ನನಗೆ ಇವತ್ತಿಗೂ ಕೈ ಹತ್ತಿಲ್ಲ. ಹದಿಮೂರು ವರ್ಷದಲ್ಲಿ ಯಾವ ಅಂಗಡಿಯವರಿಗೂ ಅದು ಬೇಕಾಗಲಿಲ್ಲ.

ನಾನು ಆ ಕೆಲಸಕ್ಕೆ ಯಾಕೆ ಬಂದೆ ಎನ್ನುವುದನ್ನೂ ಹೇಳಬೇಕು. ನನ್ನ ಗಂಡನಿಗೆ ಲಾಟರಿ ಹುಚ್ಚು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಲಾಟರಿ ಅಂಗಡಿ ಇತ್ತು. ಹಾಲು ಹಾಕಲು ಬಂದರೆ ಅಲ್ಲಿ, ಗೊಬ್ಬರ ತರಲು ಬಂದರೆ ಅಲ್ಲಿ. ಅಂಗಡಿಯ ಮೇಲೆ ಲಕ್ಷ್ಮಿಯ ಬೋರ್ಡು, ಅಂಗೈಯಿಂದ ಕಾಸು ಉದುರುತ್ತಿತ್ತು. ಅವನು ಮನೆಗೆ ಬಂದು, "ಆಯಮ್ಮ ನನ್ನೇ ನೋಡ್ತಾಳೆ ಕಣಮ್ಮಿ. ಎಲ್ಲಿ ನಿಂತ್ರೂ ನನ್ನೇ" ಎನ್ನುತ್ತಿದ್ದ. ಎರಡು ವರ್ಷದಲ್ಲಿ ಹಸು ಹೋಯಿತು, ಗದ್ದೆ ಹೋಯಿತು. ಆಮೇಲೆ ಅವನು ನಾಲೆಯಲ್ಲಿ ಸಿಕ್ಕಿದ. ಬಿದ್ದನೋ ಹಾರಿದನೋ ನನಗೆ ಗೊತ್ತಿಲ್ಲ. ಜೇಬಿನಲ್ಲಿ ಒದ್ದೆ ಟಿಕೆಟ್ಟು ಇತ್ತು. ನಾನು ಬಿಸಾಕಿದೆ.

ಮೇಷ್ಟ್ರ ಹತ್ತಿರ ಸೇರಿ ಒಂದು ವರ್ಷವಾಗಿರಬೇಕು. ಅವರು ಯಾರ ಕೈ ಬರೆದರೂ ಕಿರುಬೆರಳು ಸ್ವಲ್ಪ ಮೇಲಕ್ಕೆ ಎತ್ತಿರುತ್ತಿತ್ತು. ಸರಸ್ವತಿಯಾದರೂ ಅಷ್ಟೇ, ಟೈಲರ್ ಅಂಗಡಿಯ ಹುಡುಗಿಯಾದರೂ ಅಷ್ಟೇ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ತಲೆ ಎತ್ತಿ ಆ ಲಕ್ಷ್ಮಿಯನ್ನು ನೋಡಿದೆ. ಕಿರುಬೆರಳು ಎತ್ತಿತ್ತು.

ವಾಪಸು ಬಂದು ನೇರವಾಗಿ ಕೇಳಿದೆ. "ಆ ಲಾಟ್ರಿ ಅಂಗ್ಡಿ ಲಕ್ಸ್ಮಿ ನಿಮ್ದಾ ಮೇಷ್ಟ್ರೇ?"

"ನಂದೇ. ಯಾಕಮ್ಮ? ಚೆನ್ನಾಗಿಲ್ವಾ?"

"ಬೋ ಚೆನ್ನಾಗದೆ. ಅದುನ್ನ ನೋಡ್ಕೊಂಡೇ ನನ್ ಗಂಡ ಓದ."

ಅವರ ಕೈಯಲ್ಲಿ ಬ್ರಷ್ಷು ಇತ್ತು. ಅದನ್ನು ಎಡಗೈ ಮೇಲೆ ಒರೆಸುತ್ತಲೇ ಇದ್ದರು, ಬಣ್ಣ ಮುಗಿದರೂ ಒರೆಸುತ್ತಲೇ ಇದ್ದರು. ಮಾರನೆಯ ದಿನ ಆ ಅಂಗಡಿಗೆ ಹೋಗಿ, ಬೋರ್ಡು ಕೊಡಿ, ಬಿಟ್ಟಿಯಾಗಿ ಬೇರೆ ಬರೆದುಕೊಡುತ್ತೇನೆ ಎಂದರಂತೆ. ಅಂಗಡಿಯವನು, ಲಕ್ಷ್ಮಿಯನ್ನು ಇಳಿಸಿದರೆ ಉಂಟೇ ಎಂದು ಕಳಿಸಿಬಿಟ್ಟನಂತೆ. ಅಲ್ಲಿಂದ ಅವರು ಲಾಟರಿಯವರ ಕೆಲಸ ಹಿಡಿಯಲಿಲ್ಲ. ಚನ್ನರಾಯಪಟ್ಟಣದಿಂದ ಒಬ್ಬ ಕಾರಿನಲ್ಲಿ ಬಂದು ಮೂರು ಅಂಗಡಿಯ ಬೋರ್ಡು ಒಟ್ಟಿಗೆ ಕೊಡುತ್ತೇನೆ ಎಂದ. ಮೇಷ್ಟ್ರು ತಲೆ ಎತ್ತದೆ, "ಈ ಕೈ ಅದಕ್ಕಿಲ್ಲ" ಎಂದರು. ಅವನು ಹೋದ ಮೇಲೆ ನನ್ನ ಕಡೆ ನೋಡಲಿಲ್ಲ. ನಾನು ಬ್ರಷ್ಷು ತೊಳೆಯಲು ಕುಳಿತೆ.

ಆಮೇಲೆ ಫ್ಲೆಕ್ಸು ಬಂತು. ಹಾಸನದಲ್ಲಿ ಮೆಷಿನ್ನು ಹಾಕಿದರು. ಬೆಳಗ್ಗೆ ಹೇಳಿದರೆ ಸಂಜೆಗೆ ಫೋಟೋ ಸಮೇತ ಬೋರ್ಡು. ಆ ಮೆಷಿನ್ನು ಹಾಕಿದವರಲ್ಲಿ ಒಬ್ಬ ಮೇಷ್ಟ್ರ ಹಳೇ ಶಿಷ್ಯ, ನಲವತ್ತರ ಗಂಡಸು, ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಅಂಗಡಿಯವನು. ಮೇಷ್ಟ್ರ ಬೋರ್ಡುಗಳು ಒಂದೊಂದೇ ಕೆಳಗಿಳಿದವು. ಕೆಲವನ್ನು ಕೋಳಿ ಗೂಡಿಗೆ ಅಡ್ಡ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ಅದೇ ಕಾಲಕ್ಕೆ ಅವರ ಕಣ್ಣೂ ಹೋಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಹಾಸನದ ಡಾಕ್ಟರು ಹೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಡೆಯುತ್ತ, ಇಲ್ಲಿದ್ದದ್ದು ಇದೆಯಾ, ಅಲ್ಲಿದ್ದದ್ದು ಇದೆಯಾ ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಇದ್ದದ್ದು ಒಂದೇ, ಆ ಲಕ್ಷ್ಮಿ. ಸರ್ಕಾರ ಲಾಟರಿ ನಿಲ್ಲಿಸಿ ಅಂಗಡಿ ಬಾಗಿಲು ಹಾಕಿದ್ದರೂ ಬೋರ್ಡು ಇಳಿಸುವವರು ಇರಲಿಲ್ಲ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದು ಸಲ ಮಾತ್ರ ಅಂದರು: "ಕಣ್ಣಿರೋವಾಗ್ಲೇ ಒಂದಾದ್ರೂ ಬರೀಬೇಕು ಕಣಮ್ಮ. ಯಾರೂ ಇಳಿಸಕ್ಕಾಗದ್ದು."

ಆಗ ಹಾಸನದ ಶಿಷ್ಯ ಫೋನು ಮಾಡಿದ. ಮೇಷ್ಟ್ರ ಹೊಟ್ಟೆಯ ಮೇಲೆ ಹೊಡೆದೆನಲ್ಲ ಎಂದು ಅವನಿಗೆ ಇತ್ತೋ ಏನೋ. ಹೊರದೇಶದ ಕಂಪನಿಯೊಂದು ಕಂಪ್ಯೂಟರಿನಲ್ಲಿ ಆಡುವ ಆಟ ಮಾಡುತ್ತಿದೆ, ಅದಕ್ಕೆ ಎಂಟು ಚಿತ್ರ ಬೇಕು, ಕೈಯಲ್ಲೇ ಬರೆದದ್ದು ಬೇಕು ಎಂದ. ಒಂದು ಸಲ ಹಾಕಿದರೆ ಲೋಕದಲ್ಲೆಲ್ಲ ಕಾಣುತ್ತದೆ, ಅಳಿಸುವ ಮಾತೇ ಇಲ್ಲ ಎಂದ. ಬೀದಿಯಲ್ಲಿ ಟ್ರ್ಯಾಕ್ಟರು ಹೋಗುತ್ತಿತ್ತು. ಮೇಷ್ಟ್ರು ಒಂದು ಕಿವಿ ಮುಚ್ಚಿಕೊಂಡು, "ಏನದು ವಿಷಯ? ಏನು? ಪಂಕವಾ? ಸರಿ, ಸರಿ" ಎಂದು ಫೋನು ಇಟ್ಟರು.

ಪಂಕ ಎಂದರೆ ಕೆಸರು, ಮಂತ್ರದ ಭಾಷೆ ಎಂದು ನನಗೆ ಹೇಳಿದರು. ಪಂಕದಲ್ಲಿ ಹುಟ್ಟಿದ್ದಕ್ಕೆ ತಾವರೆಗೆ ಪಂಕಜ ಎನ್ನುತ್ತಾರೆ ಎಂದರು. "ಹೊರದೇಶದವ್ರಿಗೆ ನಮ್ಮ ಕೆಸರು ಬೇಕಂತೆ ನೋಡಮ್ಮ" ಎಂದು ಅಂಗಡಿಯ ತುಂಬ ಓಡಾಡಿದರು. ಬೇಕಾದರೆ ಬೇಕು, ನಮ್ಮಲ್ಲೇನು ಕಡಿಮೆ ಇಲ್ಲ ಎಂದೆ.

ಕೆಸರಿನ ವಿಷಯದಲ್ಲಿ ಅವರಿಗೆ ಏನೂ ಗೊತ್ತಿರಲಿಲ್ಲ. ದೇವಸ್ಥಾನದ ಬೀದಿಯವರು, ಗದ್ದೆಗೆ ಇಳಿದವರಲ್ಲ. ಅಲ್ಲಿ ನಾನೇ ಮೇಷ್ಟ್ರಾದೆ. ಒದ್ದೆ ಕೆಸರು ಬೇರೆ, ಅರ್ಧ ಒಣಗಿದ್ದು ಬೇರೆ, ಕಾಲಿನ ಮೇಲೆ ಒಣಗಿ ಬಿರಿದದ್ದು ಬೇರೆ, ಮೂರಕ್ಕೂ ಮೂರು ಬಣ್ಣ ಎಂದು ಹೇಳಿಕೊಟ್ಟೆ. ನಾಲೆಯ ಕೆಳಗಿನ ಗದ್ದೆಗೆ ಕರೆದುಕೊಂಡು ಹೋದೆ. ಅದೇ ನಾಲೆ. ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳು. ಎಮ್ಮೆ, ಏಡಿ, ಕಪ್ಪೆ, ತಾವರೆ, ನಾಟಿ ಮಾಡುವ ಕೈ, ನೇಗಿಲು, ಗೊರಸಿನ ಗುಂಡಿ. ಏಳಾಯಿತು. ಎಂಟನೆಯದಕ್ಕೆ ಒಂದು ಮುಖ ಬೇಕು ಎಂದರು. ನಾನೇ ಬದುವಿನ ಮೇಲೆ ಕುಳಿತೆ. ಜಾರಿ ಬಿದ್ದವರ ಹಾಗೆ ತಲೆಗೆ ಕೆಸರು ಬಳಿದುಕೊಂಡೆ. ಬಿಸಿಲಿಗೆ ಕೂದಲು ಮುಳ್ಳಿನ ಹಾಗೆ ಎದ್ದು ನಿಂತಿತು. ನನ್ನ ಕುಪ್ಪಸದ ಹುಕ್ಕು ಹೋದ ಕಡೆಯೆಲ್ಲ ಪಿನ್ನು. ಓಲೆ ತೆಗೆದ ಮೇಲೆ ಕಿವಿಯ ತೂತು ಮುಚ್ಚದಿರಲಿ ಎಂದು ಅಲ್ಲೂ ಒಂದೊಂದು ಪಿನ್ನು. ಅದನ್ನೂ ಬರೆಯಬೇಕಾ ಎಂದು ಕೇಳಿದರು. ಇರುವುದನ್ನು ಬರೆಯಿರಿ ಎಂದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಗಂಟು ಹಾಕಿಕೊಂಡಿದ್ದೆ. ಹಾಗೇ ಬರೆದರು.

ಹದಿನೈದು ದಿನಕ್ಕೆ ಶಿಷ್ಯ ಬೈಕಿನಲ್ಲಿ ಬಂದ. ಚಿತ್ರಗಳನ್ನು ನೋಡಿದ. ಎಮ್ಮೆ ನೋಡಿದ, ತಾವರೆ ನೋಡಿದ. ನಗು ತಡೆಯಲಾರದೆ ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಸಾ, ಪಂಕ ಅಲ್ಲ ಸಾ. ಪಂಕ್."

ಆಮೇಲೆ ಬಿಡಿಸಿ ಹೇಳಿದ. ಇಂಗ್ಲೆಂಡಿನ ಕಡೆ ಒಂದು ಕಾಲದಲ್ಲಿ ಹುಡುಗ ಹುಡುಗಿಯರು ಯಾರ ಮಾತನ್ನೂ ಕೇಳುವುದಿಲ್ಲ ಎಂದು ಹಾಗೆ ವೇಷ ಹಾಕುತ್ತಿದ್ದರಂತೆ. ಕೂದಲನ್ನು ಹುಂಜದ ಜುಟ್ಟಿನ ಹಾಗೆ ನಿಲ್ಲಿಸುವುದು, ಬಟ್ಟೆ ಹರಿದುಕೊಳ್ಳುವುದು, ಕಿವಿಗೆ ಕೆನ್ನೆಗೆ ಪಿನ್ನು ಚುಚ್ಚಿಕೊಳ್ಳುವುದು, ಕಿರುಚಿ ಹಾಡುವುದು. ಅವರಿಗೆ ಪಂಕ್ ಎನ್ನುತ್ತಾರಂತೆ. ಮೇಷ್ಟ್ರ ಮುಖ ಚಿಕ್ಕದಾಯಿತು. "ಒಂದು ಅರ್ಧ ಅಕ್ಷರಕ್ಕೆ ಎಂಟು ಚಿತ್ರ ಹೋಯ್ತಲ್ಲಯ್ಯ" ಎಂದರು. ಹಾಳೆಗಳನ್ನು ಸುತ್ತಲು ಹೋದರು. ಕೊನೆಯ ಹಾಳೆಯ ಹತ್ತಿರ ಶಿಷ್ಯ ಅವರ ಕೈ ಹಿಡಿದ. ನನ್ನ ಚಿತ್ರ ನೋಡಿದ, ನನ್ನ ಕಡೆ ನೋಡಿದ, ಕಿವಿಯ ಪಿನ್ನು ನೋಡಿದ.

"ಸಾ, ಇದು ಪಂಕೇ ಸಾ. ಇದನ್ನ ಮುಟ್ಟಬೇಡಿ. ಮಿಕ್ಕ ಏಳನ್ನ ಇದರ ಜೊತೆ ಹೊಂದಿಸಿ."

ಮುಖ ಗಂಟು ಹಾಕಿದ್ದಕ್ಕೆ ಲೋಕದಲ್ಲಿ ನನ್ನನ್ನು ಮೆಚ್ಚಿದವನು ಅವನೊಬ್ಬನೇ.

ಮತ್ತೆ ಒಂದೂವರೆ ತಿಂಗಳು ಕೆಲಸ. ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಬರೆಯುತ್ತಿದ್ದರು. ಎಮ್ಮೆಯ ಮೂಗುದಾರ ತೆಗೆದು ಕಬ್ಬಿಣದ ಸರಪಣಿ ಹಾಕಿದರು. ಕಪ್ಪೆಯ ಬಾಯಿಗೆ ಮೈಕು ಕೊಟ್ಟರು. ಏಡಿಯ ಕೊಂಡಿಗೆ ಪಿನ್ನು ಸಿಕ್ಕಿಸಿದರು. ತಾವರೆಯ ದಳವನ್ನು ಹರಿದ ತಗಡಿನ ಹಾಗೆ ಮಾಡಿದರು. ನಾಟಿ ಮಾಡುವ ಕೈ ಮುಷ್ಟಿಯಾಯಿತು, ಅದರಲ್ಲೂ ಕಿರುಬೆರಳು ಸ್ವಲ್ಪ ಎದ್ದೇ ಇತ್ತು. ನೇಗಿಲು ಗಿಟಾರಾಯಿತು. ಗೊರಸಿನ ಗುಂಡಿಯ ಜಾಗಕ್ಕೆ ಬುರುಡೆ ಬಂತು. ಬಣ್ಣ ನಾಲ್ಕೇ: ಇದ್ದಿಲ ಕಪ್ಪು, ಬಿಳಿ, ಗಿಣಿ ಹಸಿರು, ಬೊಂಬಾಯಿ ಮಿಠಾಯಿಯ ಗುಲಾಬಿ. ಗೆರೆ ಅವರದು, ಹೊಟ್ಟೆ ನನ್ನದು. ನನ್ನ ಕೂದಲಿಗೆ ನಾನೇ ಗುಲಾಬಿ ಬಳಿದೆ.

ಚಿತ್ರಗಳು ಚಕ್ರದಲ್ಲಿ ಸುತ್ತುತ್ತವೆ, ಕಣ್ಣು ಮಿಟುಕಿಸುವಷ್ಟರಲ್ಲಿ ಯಾವುದು ಎಂದು ಗೊತ್ತಾಗಬೇಕು ಎಂದು ಶಿಷ್ಯ ಹೇಳಿದ್ದ. ಅದಕ್ಕೆ ಮೇಷ್ಟ್ರು ಸಣ್ಣ ಗೆರೆಗಳನ್ನೆಲ್ಲ ತೆಗೆದರು. ಹೊರಗೆರೆಯನ್ನು ಹಗ್ಗದಷ್ಟು ದಪ್ಪ ಮಾಡಿದರು. ಒಂದು ಚಿತ್ರಕ್ಕೆ ಒಂದೇ ಬಣ್ಣ ಮುಂದೆ ಬರಬೇಕು ಎಂದರು. ಹಿರೀಸಾವೆಯ ಬೋರ್ಡನ್ನು ಓಡುವ ಬಸ್ಸಿನಿಂದ ಓದುವ ಹಾಗೆ ಬರೆಯುತ್ತಿದ್ದವರಿಗೆ ಇದು ಗೊತ್ತಿದ್ದ ಕೆಲಸವೇ. "ಅಲ್ಲಿ ಬಸ್ಸು ಓಡುತ್ತೆ, ಇಲ್ಲಿ ಬೋರ್ಡೇ ಓಡುತ್ತೆ, ಅಷ್ಟೇ" ಎಂದರು. ಬೋರ್ಡು ಯಾಕೆ ಓಡಬೇಕು ಎಂದು ಕೇಳಿದೆ. ಮಕ್ಕಳಾಟ ಕಣಮ್ಮ ಎಂದರು. ನಾನು ಅಲ್ಲಿಗೇ ಬಿಟ್ಟೆ. ಇನ್ನೊಂದು ಸಲ ಕೇಳಬೇಕಿತ್ತು.

ಎಲ್ಲ ಮುಗಿದು ಮಳೆಗಾಲ ಕಳೆದ ಮೇಲೆ ಶಿಷ್ಯ ಕರೆದ. ಆಟ ತಯಾರಾಗಿದೆ, ಬಂದು ನೋಡಿ ಎಂದ. ಮೇಷ್ಟ್ರು ಇಸ್ತ್ರಿ ಪಂಚೆ ಉಟ್ಟರು. ನನ್ನನ್ನೂ ಹೊರಡಿಸಿದರು. ಅಷ್ಟು ಹೊತ್ತಿಗೆ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಬಣ್ಣ ಮಾತ್ರ ಮಸುಕಾಗಿ ಕಾಣುತ್ತಿತ್ತು. ಹಾಸನದ ಬಸ್ಸಿನಲ್ಲಿ ಉದ್ದಕ್ಕೂ ಮಾತಾಡಿದರು. ಇಳಿಸಲಾಗದ ಬೋರ್ಡು, ಇಳಿಸಲಾಗದ ಬೋರ್ಡು ಎಂದು ಎರಡು ಮೂರು ಸಲ ಅಂದರು.

ಶಿಷ್ಯ ನಮ್ಮಿಬ್ಬರಿಗೂ ಕುರ್ಚಿ ಹಾಕಿದ. ಟಿ.ವಿ.ಯಂಥದ್ದರಲ್ಲಿ ಇಟ್ಟಿಗೆ ಗೋಡೆ, ಅದರ ಮೇಲೆ ಮೂರು ಚಕ್ರ. ಒಂದು ಗುಂಡಿ ಒತ್ತಿದ. ಎಮ್ಮೆ, ಏಡಿ, ಕಪ್ಪೆ, ಬುರುಡೆ, ನಾನು, ಎಲ್ಲ ಸೇರಿ ಗಿರಗಿರನೆ ಓಡಿದವು. ಎಷ್ಟು ಬೇಗ ಓಡಿದರೂ ಒಂದೊಂದೂ ಗುರುತು ಸಿಕ್ಕಿತು. ಮೇಷ್ಟ್ರ ಕೈಕೆಲಸ ಅದು. ಹಸಿರು ಗುಲಾಬಿ ಓಡುವುದು ಅವರಿಗೂ ಕಂಡಿತು. ನಗುತ್ತ ಕುಳಿತಿದ್ದರು. ಮೊದಲ ಚಕ್ರ ನಿಂತಿತು, ನನ್ನ ಮುಖ. ಎರಡನೆಯದು ನಿಂತಿತು, ನನ್ನ ಮುಖ. ಮೂರನೆಯದೂ ನಾನೇ. ಡಬಡಬ ಎಂದು ತಮಟೆಯ ಹಾಗೆ ಸದ್ದಾಯಿತು. ನನ್ನ ಮೂರೂ ಬಾಯಿ ತೆರೆದುಕೊಂಡವು. ಅದರೊಳಗಿಂದ ಕಾಸು ಉದುರತೊಡಗಿತು. ಒಂದು ಗಂಡು ದನಿ "ಜಾಕ್‌ಪಾಟ್" ಎಂದು ಕೂಗಿತು.

ಆ ಮಾತು ನಮ್ಮಿಬ್ಬರಿಗೂ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಆ ಅಂಗಡಿಯ ಮೈಕಿನಲ್ಲಿ ದಿನವಿಡೀ ಕೂಗುತ್ತಿದ್ದದ್ದು ಅದೇ ಮಾತು. ಮೇಷ್ಟ್ರ ನಗು ಹಾಗೇ ಉಳಿದಿತ್ತು, ಆದರೆ ಮುಖ ನನ್ನ ಕಡೆ ತಿರುಗಿತು.

"ಏನಮ್ಮ ಅದು ಸದ್ದು?"

ಶಿಷ್ಯ ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ.

"ಲಾಟ್ರಿ ಕಣ್ ಮೇಷ್ಟ್ರೇ. ನನ್ ಮಕ ಮೂರು ಒಟ್ಗೆ ಬಂದ್ರೆ ಬಾಯಿಂದ ಕಾಸು ಉದುರ್ತದೆ. ನಿಮ್ ಲಕ್ಸ್ಮಿ ಕೈಯಿಂದ ಉದುರ್ತಿತ್ತಲ್ಲ, ಅಂಗೇಯ."

ಶಿಷ್ಯ ತಡವರಿಸಿದ. ಇದು ಇಲ್ಲಿಯವರಿಗಲ್ಲ ಸಾ, ಹೊರದೇಶದವರು ಮನೆಯಲ್ಲೇ ಕೂತು ದುಡ್ಡು ಹಾಕಿ ಆಡುತ್ತಾರೆ, ಅವರಿಗೆ ಇದೊಂದು ಲೆಕ್ಕವೇ ಅಲ್ಲ ಎಂದ. ಮೇಷ್ಟ್ರು ತೆಗೆದುಬಿಡು ಎಂದರು. ಆಗುವುದಿಲ್ಲ ಸಾ, ಹೋಗಿಯಾಯಿತು, ಎಲ್ಲೆಲ್ಲೂ ಇದೆ ಎಂದ. ಅದರ ಮೇಲೆ ಬೇರೆ ಬರೆದುಕೊಡುತ್ತೇನೆ ಎಂದು ಮೇಷ್ಟ್ರು ಕೇಳಿದರು. ಹಿಂದೆ ಲಾಟರಿ ಅಂಗಡಿಯವನನ್ನು ಕೇಳಿದ ಹಾಗೇ ಕೇಳಿದರು. ಅವನು ಸುಮ್ಮನೆ ತಲೆ ಅಲ್ಲಾಡಿಸಿದ. ಅವರಿಗೆ ಅದು ಕಾಣಲಿಲ್ಲ. "ಆಗಕಿಲ್ವಂತೆ" ಎಂದು ನಾನೇ ಹೇಳಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತಾಡಿದ್ದು. ನರಸೀಪುರ ಹತ್ತಿರ ಬಂದಿತ್ತು. "ನೀನು ಹೇಳ್ದೆ ಇದ್ದಿದ್ರೆ ನಾನು ಖುಷಿಯಾಗಿ ಸಾಯ್ತಿದ್ದೆ ಕಣಮ್ಮ" ಎಂದರು. ಕೋಪದಲ್ಲಿ ಹೇಳಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದರು. ಹೇಳಬಾರದಿತ್ತು ಎಂದು ಅವರ ಮಗಳೂ ಆಮೇಲೆ ಅಂದಳು. ಇರಬಹುದು. ನನಗೆ ಅಂಚಿನಲ್ಲಿ ಬಿಟ್ಟು ತುಂಬುವುದು ಅವರು ಕಲಿಸಿರಲಿಲ್ಲ.

ಬ್ರಷ್ಷು ಮತ್ತೆ ಹಿಡಿಯಲಿಲ್ಲ. ಕಣ್ಣು ಪೂರಾ ಹೋಯಿತು. ಮಗಳು ಬಂದು ಅರಕಲಗೂಡಿಗೆ ಕರೆದುಕೊಂಡು ಹೋದಳು. ಅಂಗಡಿಯ ಸಾಮಾನನ್ನೆಲ್ಲ ನನಗೇ ಬಿಟ್ಟರು. ನಾಲ್ಕು ತಿಂಗಳ ಮೇಲೆ, ಅಪ್ಪ ನಿಮ್ಮನ್ನು ಕೇಳುತ್ತಿದ್ದಾರೆ ಎಂದು ಮಗಳು ಹೇಳಿ ಕಳಿಸಿದಳು. ಹೋದೆ. ಹಾಸಿಗೆಯಲ್ಲಿದ್ದರು. ಎಡಗೈಯ ಮೇಲೆ ಬಣ್ಣ ಇರಲಿಲ್ಲ. ಅಷ್ಟು ವರ್ಷದಲ್ಲಿ ಆ ಕೈಯನ್ನು ಖಾಲಿ ನೋಡಿದ್ದು ಅವತ್ತೇ.

"ಆ ಲಕ್ಷ್ಮಿ ಇನ್ನೂ ಇದ್ಯಾ?"

"ಅವಳೆ. ಅಂಗ್ಡಿ ಬಾಗ್ಲು ಆಕದೆ, ಬೋರ್ಡು ಅಂಗೇ ಅದೆ."

"ಬಳಿದುಬಿಡಮ್ಮ. ಅದು ನಮ್ಮ ಕೈಗೆ ಸಿಗಲ್ಲ, ಇದಾದ್ರೂ ಸಿಗುತ್ತಲ್ಲ."

ಮಾರನೆಯ ದಿನ ಬೆಳಗ್ಗೆ ಅವರ ಕಪ್ಪು ಡಬ್ಬ, ಚಪ್ಪಟೆ ಬ್ರಷ್ಷು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಹೂವು ಮಾರುವವಳ ಸ್ಟೂಲು ಕೇಳಿ ಹತ್ತಿದೆ. ಯಾಕೆ ಎಂದು ಗೊತ್ತಾದ ಮೇಲೆ ಅವಳು ಕೆಳಗಿನಿಂದ ಬೈಯತೊಡಗಿದಳು. "ಲಕ್ಸ್ಮಿ ಮಕಕ್ಕೆ ಮಸಿ ಬಳೀತಿದ್ಯಲ್ಲ, ನಿಂಗೆ ಒಳ್ಳೇದಾಯ್ತದಾ?"

"ಇಲ್ಲೀಗಂಟ ಏನ್ ಒಳ್ಳೇದಾಗಿತ್ತು ಬುಡಕ್ಕ. ಸ್ಟೂಲು ಗಟ್ಟಿಯಾಗಿ ಇಡ್ಕೊ" ಎಂದೆ. ಬೈಯುತ್ತಲೇ ಹಿಡಿದುಕೊಂಡಳು.

ಮೊದಲು ಕಾಸು ಬಳಿದೆ. ಆಮೇಲೆ ಅಂಗೈ, ಎತ್ತಿದ ಕಿರುಬೆರಳು. ಆಮೇಲೆ ಸೀರೆ. ಕಣ್ಣು ಕೊನೆಗೆ ಉಳಿಯಿತು. ಗಂಡ ಹೇಳುತ್ತಿದ್ದದ್ದು ನಿಜ, ಸ್ಟೂಲಿನ ಮೇಲಿಂದಲೂ ನನ್ನನ್ನೇ ನೋಡುತ್ತಿದ್ದಳು. ಒಳ್ಳೆಯ ಕೆಲಸ ಅದು. ಎರಡು ಸಲ ಬಳಿದೆ.

ಮಧ್ಯಾಹ್ನದ ಬಸ್ಸಿಗೆ ಅರಕಲಗೂಡಿಗೆ ಹೋಗಿ ಬಳಿದೆ ಎಂದೆ. ಮುಖವೂ ಹೋಯಿತಾ ಎಂದು ಕೇಳಿದರು. ಹೋಯಿತು ಎಂದೆ. ಆಮೇಲೆ, "ಅಂಚಲ್ಲಿ ಬಿಟ್ಟಿಲ್ವಲ್ಲ?" ಎಂದರು.

"ಬುಟ್ಟಿಲ್ಲ ಮೇಷ್ಟ್ರೇ."

ಆ ತಿಂಗಳಲ್ಲೇ ಹೋದರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರಿಗೆ ಶ್ರದ್ಧಾಂಜಲಿ ಬಟ್ಟೆ ಯಾರೂ ಬರೆಸಿರಲಿಲ್ಲ. ಫ್ಲೆಕ್ಸು ಹಾಕಿದ್ದರು, ಹಾಸನದ್ದು.

ನನ್ನ ಮುಖ ಎಲ್ಲೋ ಹೊರದೇಶದಲ್ಲಿ ಈಗಲೂ ತಿರುಗುತ್ತಿರಬಹುದು. ಅಲ್ಲೂ ಯಾವನೋ ಅದನ್ನು ನೋಡುತ್ತ ಕುಳಿತಿರಬಹುದು. ಅವನ ಹೆಂಡತಿ ನನ್ನನ್ನು ಬೈದರೆ ಬೈಯಲಿ. ನನಗೆ ಬರುವ ನಾಲ್ಕಕ್ಷರ ಮಾತ್ರ ಮೇಷ್ಟ್ರದು. ಇದನ್ನು ಬರೆದದ್ದೂ ಅದರಲ್ಲೇ, 'ಋ' ಬರುವ ಮಾತು ಬಿಟ್ಟು.

ಮೊನ್ನೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಆ ಅಂಗಡಿಯನ್ನು ಯಾರೋ ಹಿಡಿದಿದ್ದಾರೆ. ನಾನು ಬಳಿದ ಕಪ್ಪಿನ ಮೇಲೆಯೇ ಬಿಳಿ ಬಣ್ಣದಲ್ಲಿ 'ಪಂಚರ್' ಎಂದು ಬರೆದಿದ್ದಾರೆ. ಸೊನ್ನೆಯ ಹೊಟ್ಟೆಯನ್ನೂ ತುಂಬಿಬಿಟ್ಟಿದ್ದಾರೆ.